ಹನ್ನೆರಡೂ ಸಡಿಲ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಮಸ್ತ ಲಾರಿ ಮಾಲೀಕರು, ಚಾಲಕರು ಹಾಗೂ ಅವರಿಗೆ ಹೆಣ್ಣು ಕೊಟ್ಟವರ ಗಮನಕ್ಕೆ ತರಲೇಬೇಕಾದ ಗಂಭೀರ ಸಂಗತಿಯೊಂದಿದೆ. ಕಳೆದ ವರ್ಷ ಭಾದ್ರಪದದ ಒಂದು ಸೋಮವಾರ ನಿಟ್ಟೂರಿನ ಕಾಂತರಾಜನ ಲಾರಿ ‘ಟಿಕ್’ ಎಂದಿತು.

ಒಂದು ಸಲ ಅಂದು ಸುಮ್ಮನಾಗಿದ್ದರೆ ಈ ಕಥೆಗೆ ಕೆಲಸವಿರುತ್ತಿರಲಿಲ್ಲ. ಅದು ಸಾಗರದಿಂದ ಹೊಸನಗರದವರೆಗೂ ಅನ್ನುತ್ತಲೇ ಹೋಯಿತು. ಹೊಸನಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಇಂಜಿನ್ನಿನ ಗಂಧಗಾಳಿಯಿಲ್ಲದ ಅಂಗಡಿಯವನು ಕೂಡ, "ಎಂತದದು, ಹಲ್ಲಿ ಲೊಚಗುಟ್ಟಿದ ಹಾಗೆ?" ಎಂದು ಕೇಳಿದ. ಕಾಂತರಾಜ ಚಹಾವನ್ನು ಅರ್ಧಕ್ಕೇ ಬಿಟ್ಟು ಲಾರಿ ತಿರುಗಿಸಿದ. ಎರಡೇ ದಿನದ ಹಿಂದೆ ಸಾಗರದ ಮಾಸ್ತಪ್ಪ ಮೇಸ್ತ್ರಿಯ ಶೆಡ್ಡಿನಲ್ಲಿ ಪೂರ್ತಿ ಬಿಚ್ಚಿ, ಸಿಲಿಂಡರಿಗೆ ಬೋರು ಹೊಡೆಸಿ, ಪಿಸ್ಟನ್ನು ಬೇರಿಂಗು ಎಲ್ಲ ಹೊಸದು ಹಾಕಿ ಕಟ್ಟಿದ ಇಂಜಿನ್ ಅದು. ಕವಲೇದುರ್ಗದ ಕೆಳಗೆ ಯಾರದೋ ಮನೆ ಅವನ ಜಂಬಿಟ್ಟಿಗೆ ಕಲ್ಲಿಗಾಗಿ ಪಾಯದಲ್ಲೇ ಕಾದು ಕೂತಿತ್ತು.

ಮಾಸ್ತಪ್ಪ ಮೇಸ್ತ್ರಿಗೆ ಅರವತ್ತನಾಲ್ಕು. ಮೂರು ತಾಲ್ಲೂಕಿನಲ್ಲಿ ಅವನ ಕೈಗಿಂತ ಅವನ ಕಿವಿಗೆ ಹೆಸರು ಹೆಚ್ಚು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಯಾವ ಬೇರಿಂಗು ಎಷ್ಟು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಟ್ಯಾಪೆಟ್ಟನ್ನೂ ಅವನು ಕಿವಿಯಿಂದಲೇ ಕೂರಿಸುವುದು. ಇಂಜಿನ್ನಿನ ತಲೆಯ ಮೇಲೆ ಪ್ರತಿ ವಾಲ್ವಿಗೂ ಅದನ್ನು ಬಡಿಯುವ ಒಂದು ತೋಳಿದೆ. ಎರಡರ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಉಳಿದ ಮೆಕ್ಯಾನಿಕ್ಕುಗಳು ಅದನ್ನು ಫಿಲ್ಲರ್ ಗೇಜಿನ ತೆಳು ಉಕ್ಕಿನ ಎಲೆ ತೂರಿಸಿ ಅಳೆಯುತ್ತಾರೆ. ಮೇಸ್ತ್ರಿ ಇಂಜಿನ್ ಓಡುತ್ತಿರುವಾಗಲೇ, ಮೈಮೇಲೆ ಆಯಿಲ್ ಸಿಡಿಸಿಕೊಳ್ಳುತ್ತ, ಟಿಕ್ ಅನ್ನುವವರೆಗೆ ಸಡಿಲಿಸಿ, ಆ ಶಬ್ದ ನಿಲ್ಲುವ ಕ್ಷಣಕ್ಕೆ ಬಿಗಿಯುತ್ತಿದ್ದ. ಶೆಡ್ಡಿನಲ್ಲೂ ಒಂದು ಫಿಲ್ಲರ್ ಗೇಜ್ ಇತ್ತು. ಸಕ್ಕರೆ ಡಬ್ಬದ ಮುಚ್ಚಳ ಎಬ್ಬಲು ಅದನ್ನು ಬಳಸುತ್ತಿದ್ದರು.

ಆ ಶೆಡ್ಡಿನಲ್ಲಿ ಗಣೇಶ ಹದಿನಾಲ್ಕು ವರ್ಷ ದುಡಿದಿದ್ದ. ಅವನಿಗೆ ಈಗ ಮೂವತ್ತೈದು, ಹೆಂಡತಿ ತೀರ್ಥಹಳ್ಳಿ ಕಡೆಯವಳು. ಅಲ್ಲೇ ರಸ್ತೆ ಬದಿಗೆ ಒಂದು ಶೆಡ್ಡು ನೋಡಿ ಮಾತಾಡಿಟ್ಟಿದ್ದ. ಆದರೆ ಗ್ಯಾರೇಜು ಸಾಲಿಗೆ ಅದರದೇ ಆದ ಮರ್ಯಾದೆಯಿದೆ. ಕಲಿತವನು ಬೇರೆ ಕೂರಬೇಕಾದರೆ, ಆಯುಧಪೂಜೆಯ ದಿನ ಮೇಸ್ತ್ರಿ ತನ್ನ ಪೆಟ್ಟಿಗೆಯ ಒಂದು ಸ್ಪ್ಯಾನರಿಗೆ ಕುಂಕುಮ ಹಚ್ಚಿ ನಾಲ್ಕು ಜನರ ಎದುರು ಅವನ ಕೈಗೆ ಕೊಡಬೇಕು. ಸ್ಪ್ಯಾನರ್ ಪಡೆಯದವನ ಬಾಗಿಲಿಗೆ ಲಾರಿಯವರು ಬೋಲ್ಟು ಬಿಗಿಸಲಿಕ್ಕೂ ಹೋಗುವುದಿಲ್ಲ. ಈ ಸಲ ಹದಿನೆಂಟು-ಹತ್ತೊಂಬತ್ತರ ಸ್ಪ್ಯಾನರ್ ಗಣೇಶನಿಗೆ ಎಂದು ಮೇಸ್ತ್ರಿ ಯುಗಾದಿಯಲ್ಲೇ ಹೇಳಿಯಾಗಿತ್ತು. ಪೂಜೆಗೆ ಇನ್ನು ಐದು ವಾರ.

ಲಾರಿ ಬಂದು ನಿಂತಾಗ ಬೆಳಗಿನ ಹತ್ತೂವರೆ.

"ಹೊಡಿ ಸೆಲ್ಫು," ಎಂದ ಮೇಸ್ತ್ರಿ.

ಇಂಜಿನ್ ಹತ್ತಿತು. ಟಿಕ್ ಟಿಕ್ ಟಿಕ್ ಎಂದಿತು. ಎದುರಿನ ಲೇತ್ ಅಂಗಡಿಯ ಶ್ರೀಕೃಷ್ಣ ಕೆಲಸ ನಿಲ್ಲಿಸಿ ಕತ್ತು ಹೊರಗೆ ಹಾಕಿದ. ಮೇಸ್ತ್ರಿ ಸ್ಕ್ರೂಡ್ರೈವರ್ ಊರುತ್ತ ಆರೂ ಸಿಲಿಂಡರ್ ಸುತ್ತಿ ಬಂದು ಕಣ್ಣು ತೆರೆದ.

"ಎಂತ ಶಬ್ದನೂ ಇಲ್ಲ."

"ಇಲ್ಲ ಅಂದ್ರೆ? ಕೇಳ್ತಾ ಉಂಟಲ್ಲ ಮಾಸ್ತಪ್ಪಣ್ಣ!"

"ನಿಂಗೆ ಕೇಳ್ತದೆ. ಹೊಸ ಅಂಗಿ ಹಾಕ್ಕೊಂಡೋನಿಗೆ ಊರೆಲ್ಲ ತನ್ನನ್ನೇ ನೋಡಿದ ಹಾಗೆ ಆಗ್ತದಲ್ಲ, ಹಂಗೆ."

"ಹೊಸನಗರದ ಚಾ ಅಂಗ್ಡಿಯೋನಿಗೂ ಕೇಳ್ತು ಮಾರಾಯ್ರೆ."

"ಹಂಗಾರೆ ಅವನ ಹತ್ರನೇ ಇಂಜಿನ್ ಕಟ್ಟಿಸ್ಬೇಕಿತ್ತು."

ಶ್ರೀಕೃಷ್ಣ ನಕ್ಕ. ಕಾಂತರಾಜ ಗಣೇಶನ ಕಡೆ ತಿರುಗಿದ. "ನಿಂಗೆ ಕೇಳ್ತದಾ ಇಲ್ವಾ, ನೀ ಹೇಳು."

"ಬಿಸಿ ಆದ್ಮೇಲೆ ನೋಡ್ಬೇಕು," ಎಂದ ಗಣೇಶ. ಹದಿನಾಲ್ಕು ವರ್ಷದಲ್ಲಿ ಅವನು ಕಲಿತದ್ದು ಇಂಜಿನ್ ಕೆಲಸ ಒಂದನ್ನೇ ಅಲ್ಲ.

ಮೂರು ಗಂಟೆಗೆ ಬರುತ್ತೇನೆ, ಅಷ್ಟರೊಳಗೆ ಶಬ್ದ ಹೋಗದಿದ್ದರೆ ಶಿವಮೊಗ್ಗಕ್ಕೇ ಒಯ್ಯುತ್ತೇನೆ, ಯಾಕೆ ಬಂದೆ ಎಂದು ಅಲ್ಲಿ ಕೇಳಿದರೆ ಹೇಳಿಯೇ ಹೇಳುತ್ತೇನೆ ಎಂದು ಕೂಗಿ ಕಾಂತರಾಜ ಪೇಟೆ ಕಡೆಗೆ ನಡೆದ.

ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ಕೆರಿಯಮ್ಮ ಊಟದ ಕ್ಯಾರಿಯರ್ ತಂದಳು. ಮೇಸ್ತ್ರಿ ಉಂಡು, ಶೆಡ್ಡಿನ ಮೂಲೆಯ ಹಳೇ ಬಸ್ ಸೀಟಿನ ಮೇಲೆ ಮಲಗಿದ. ಇಂಜಿನ್ ಸದ್ದು ಅವನಿಗೆ ಜೋಗುಳ. ಕೆರಿಯಮ್ಮ ಗಣೇಶನ ತಟ್ಟೆಗೆ ಸಾರು ಬಡಿಸುತ್ತ ದನಿ ತಗ್ಗಿಸಿದಳು.

"ಶಬ್ದ ಉಂಟಲ್ಲನಾ?"

"ಉಂಟು ಅಮ್ಮ."

"ಮೂರು ವರ್ಷ ಆತು ಕಣಾ, ಈ ಮಳೆಗಾಲಕ್ಕೆ ಜಾಸ್ತಿ ಆಗಿದೆ. ಎದುರು ನಿಂತು ಮಾತಾಡಿದ್ದು ಕೇಳ್ತದೆ, ಕುಕ್ಕರ್ ಸೀಟಿ ಕೇಳದಿಲ್ಲ. ಫೋನು ಹೊಡ್ಕೊಂಡ್ರೆ ನಾನೇ ತಗಂಡು ಹೋಗಿ ಕೈಲಿ ಕೊಡ್ಬೇಕು. ಡಾಕ್ಟ್ರ ಹತ್ರ ಹೋಗಣ ಅಂದ್ರೆ, ನಾ ಎಂತ ಮುದುಕನಾ ಅಂತಾರೆ." ಅವಳು ಬಸ್ ಸೀಟಿನ ಕಡೆ ನೋಡಿದಳು. "ಏಳೋದ್ರೊಳಗೆ ನೀನೇ ಸರಿ ಮಾಡಿಬಿಡು. ಹೇಳಕ್ಕೆ ಹೋಗ್ಬೇಡ. ಗೊತ್ತಾದ್ರೆ ಈ ಮನುಷ್ಯ ಬದುಕದಿಲ್ಲ."

ಗಣೇಶ ಕೈ ತೊಳೆದು ಇಂಜಿನ್ ಚಾಲೂ ಮಾಡಿದ. ಮೊದಲು ಡೀಸೆಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿ, ಒಂದೊಂದು ಸಿಲಿಂಡರನ್ನು ಸಾಯಿಸಿ ನೋಡಿದ. ಇಂಜಿನ್ ಕುಂಟಿತು, ಟಿಕ್ ಮಾತ್ರ ಹಾಗೇ ಇತ್ತು. ಅಂದರೆ ಪಿಸ್ಟನ್ನಿನದಲ್ಲ. ದೇವರ ಪಟದ ಮುಂದಿನ ಊದುಬತ್ತಿ ಹಚ್ಚಿ ಸೈಲೆನ್ಸರ್ ಕೂಡುವ ಜಾಗದಲ್ಲೆಲ್ಲ ಆಡಿಸಿದ. ಹೊಗೆ ಎಲ್ಲೂ ನಡುಗಲಿಲ್ಲ; ಗಾಳಿ ಸೋರಿಕೆಯೂ ಅಲ್ಲ. ಕೊನೆಗೆ ಇಂಜಿನ್ ನಿಲ್ಲಿಸಿ, ಮೇಲಿನ ಕವರ್ ಬಿಚ್ಚಿ, ಸಕ್ಕರೆ ಡಬ್ಬದ ಪಕ್ಕದಿಂದ ಫಿಲ್ಲರ್ ಗೇಜ್ ತಂದ.

ಮೊದಲ ವಾಲ್ವು ಸಡಿಲ, ಎರಡನೆಯದೂ ಸಡಿಲ. ಐದನೆಯದಕ್ಕೆ ಬರುವಾಗ ಅವನ ಕೈ ನಿಧಾನವಾಯಿತು. ಸಿಲಿಂಡರಿಗೆ ಎರಡರಂತೆ ಹನ್ನೆರಡನ್ನೂ ಅಳೆದು ಮುಗಿಸಿ ಅವನು ಲಾರಿಯ ಬಂಪರಿನ ಮೇಲೆ ಕೂತುಬಿಟ್ಟ. ಒಂದು ಸಡಿಲವಾಗಿದ್ದರೆ ಅದು ಕೈತಪ್ಪು. ಇಲ್ಲಿ ಹನ್ನೆರಡೂ ಸಡಿಲವಾಗಿದ್ದವು, ಅದೂ ಹನ್ನೆರಡೂ ಒಂದೇ ಅಳತೆಗೆ, ಇರಬೇಕಾದ್ದಕ್ಕಿಂತ ಸರಿಯಾಗಿ ಎರಡು ಎಲೆ ಹೆಚ್ಚು. ಗೇಜು ಹಿಡಿದ ಎಷ್ಟೋ ಮಂದಿಗೆ ಇಷ್ಟು ಸಮ ಬರುವುದಿಲ್ಲ. ಕೈ ಇನ್ನೂ ಚಿನ್ನದಂಥದ್ದೇ. ಶಬ್ದ ಇನ್ನೂ ನಿಲ್ಲದಿರುವಾಗಲೇ ನಿಂತಿತೆಂದು ಆ ಕೈಗೆ ಹೇಳಿದ್ದು ಕಿವಿ.

ಎರಡೂಮುಕ್ಕಾಲಿಗೆ ಹನ್ನೆರಡನ್ನೂ ಸರಿಯಾಗಿ ಕೂರಿಸಿ ಕವರ್ ಮುಚ್ಚಿದ.

ಮೂರಕ್ಕೆ ಕಾಂತರಾಜ ಬಂದು ಸೆಲ್ಫು ಹೊಡೆದ. ಇಂಜಿನ್ ಸಣ್ಣಗೆ ಗುರುಗುಟ್ಟಿತು, ಅಷ್ಟೇ. ಅವನ ಮುಖ ಅರಳಿತು.

"ಹೋಯ್ತು! ಎಂತ ಮಾಡಿದ್ರಿ ಮಾಸ್ತಪ್ಪಣ್ಣ?"

ಮೇಸ್ತ್ರಿ ಬಸ್ ಸೀಟಿನಿಂದ ಎದ್ದು ಬಂದಿದ್ದನಷ್ಟೆ. ಬೆಳಗಿನ ಇಂಜಿನ್ನಿಗೂ ಈಗಿನ ಇಂಜಿನ್ನಿಗೂ ಅವನ ಪಾಲಿಗೆ ವ್ಯತ್ಯಾಸವಿರಲಿಲ್ಲ. ಆದರೆ ಕಣ್ಣು ಚುರುಕಾಗಿತ್ತು. ಕವರಿನ ಅಂಚಿನಲ್ಲಿ ಹಸಿ ಅಂಟು ಹೊಳೆಯುತ್ತಿತ್ತು.

"ಯಾರು ಬಿಚ್ಚಿದ್ದು?"

"ನಾನೇ, ಮೇಸ್ತ್ರಿ," ಎಂದ ಗಣೇಶ, ಗಟ್ಟಿಯಾಗಿ.

"ಯಾವ್ದು ಸಡಿಲ ಇತ್ತು?"

ಒಂದು ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅಳತೆಯ ವಿಷಯದಲ್ಲಿ ಸುಳ್ಳು ಹೇಳಬಾರದೆಂದು ಅವನಿಗೆ ಕಲಿಸಿದವನೇ ಎದುರು ನಿಂತು ಕೇಳುತ್ತಿದ್ದ.

"ಹನ್ನೆರಡೂ."

ಹನ್ನೆರಡು ಎಂದರೆ ಏನೆಂದು ಆ ಸಾಲಿನಲ್ಲಿ ಮೇಸ್ತ್ರಿಯಷ್ಟು ಬೇಗ ತಿಳಿಯಬಲ್ಲವರು ಯಾರೂ ಇರಲಿಲ್ಲ. ಅವನ ಕೈ ಒಮ್ಮೆ ಕಿವಿಯ ಹತ್ತಿರ ಹೋಗಿ, ಅಲ್ಲಿಂದ ತಲೆ ಕೆರೆದು ಕೆಳಗಿಳಿಯಿತು.

"ಕೇಳಿದ್ಯನಾ ಶ್ರೀಕೃಷ್ಣ? ಒಂದು ಸಡಿಲ ಆಗ್ಬಹುದು. ಎರಡು ಆಗ್ಬಹುದು. ಹನ್ನೆರಡೂ ತಾನಾಗೇ ಸಡಿಲ ಆಗ್ತಾವಾ?"

"ಎಲ್ಲಾದ್ರೂ ಉಂಟಾ!" ಎಂದ ಶ್ರೀಕೃಷ್ಣ.

"ಯಾರೋ ಬೇಕಂತ್ಲೇ ಬಿಚ್ಚಿಟ್ಟಿದ್ದು. ನನ್ನ ಹೆಸರು ಕೆಡಿಸಿ, ಆಮೇಲೆ ತಾನೇ ಸರಿ ಮಾಡಿ ತೋರಿಸಿದ್ರೆ, ತೀರ್ಥಹಳ್ಳಿಗೆ ಲಾರಿ ಸಾಲಾಗಿ ಬರ್ತಾವಲ್ಲ."

ತರ್ಕದಲ್ಲಿ ಬಿರುಕಿರಲಿಲ್ಲ. ಸೇರಿದ್ದ ಏಳೆಂಟು ಜನ ಗಣೇಶನನ್ನು ನೋಡಿದರು.

"ಹಂಗಲ್ಲ," ಎಂದ ಗಣೇಶ. "ಮೇಸ್ತ್ರಿಗೆ ಕಿವಿ ಕೇಳದಿಲ್ಲ. ಮೂರು ವರ್ಷ ಆತು. ಅಮ್ಮಂಗೇ ಕೇಳಿ."

ಎಲ್ಲರೂ ನಲ್ಲಿಯ ಬಳಿ ಕ್ಯಾರಿಯರ್ ತೊಳೆಯುತ್ತಿದ್ದ ಕೆರಿಯಮ್ಮನ ಕಡೆ ತಿರುಗಿದರು. ಅವಳು ಮೂರನೇ ಡಬ್ಬಿಯನ್ನು ಎರಡನೇ ಸಲ ತೊಳೆದಳು.

"ನಂಗೆಂತ ಗೊತ್ತು, ಮನೇಲಿ ಇರೋಳಿಗೆ?" ಎಂದಳು. "ನಾ ಪಿಸುಗುಟ್ಟಿದ್ರೂ ಕೇಳ್ತದೆ ಅವ್ರಿಗೆ."

ಯಾರೋ "ಛೆ" ಎಂದರು. ಅದು ಅವಳಿಗಲ್ಲ.

ಮೇಸ್ತ್ರಿ ಬೈಯಲಿಲ್ಲ. ಗಣೇಶನ ಅಂಗಿಯನ್ನು ಮೊಳೆಯಿಂದ ತೆಗೆದು, ಮಡಚಿ, ಬಂಪರಿನ ಮೇಲೆ ಇಟ್ಟ.

ಕಾಂತರಾಜ ಅಂದು ಲಾರಿ ಹತ್ತಿ ಹೊರಟುಬಿಟ್ಟ. ವಾರದ ನಂತರ ಗಣೇಶನ ಮನೆಗೆ ಬಂದು, ಲಾರಿ ಓಡಿಸಲು ತನಗೊಬ್ಬ ಡ್ರೈವರ್ ಬೇಕು ಎಂದ. "ಯಾರು ಸಡಿಲ ಮಾಡಿದ್ರೋ ನಂಗೆ ಬೇಡ. ಮತ್ತೆ ಟಿಕ್ ಅಂದ್ರೆ ಸೀಟಲ್ಲೇ ಮೆಕ್ಯಾನಿಕ್ ಇರ್ತಾನಲ್ಲ."

ಮಾಸ್ತಪ್ಪ ಮೇಸ್ತ್ರಿಯ ಶೆಡ್ಡಿನಿಂದ ಹೊರಬೀಳುವ ಇಂಜಿನ್ನುಗಳೆಲ್ಲ ಈಗ ಟಿಕ್ ಎನ್ನುತ್ತವೆ. ಹೊಸದಾಗಿ ಕಟ್ಟಿದ್ದು ಸ್ವಲ್ಪ ದಿನ ಹಾಗೇ, ಅನ್ನದಿದ್ದರೇ ಅನುಮಾನಪಡಬೇಕು ಎಂದು ಲಾರಿ ಮಾಲೀಕರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆ ಆಯುಧಪೂಜೆಯಲ್ಲಿ ಹದಿನೆಂಟು-ಹತ್ತೊಂಬತ್ತರ ಸ್ಪ್ಯಾನರಿಗೆ ಕುಂಕುಮ ಹಚ್ಚಿ, ಮತ್ತೆ ಪೆಟ್ಟಿಗೆಯಲ್ಲೇ ಇಟ್ಟರು. ತೀರ್ಥಹಳ್ಳಿಯ ಶೆಡ್ಡಿನಲ್ಲಿ ಕೋಳಿ ಅಂಗಡಿ ಬಂದಿದೆ. ಗಣೇಶ ಕಾಂತರಾಜನ ಲಾರಿಯಲ್ಲಿ ನಿಟ್ಟೂರಿನಿಂದ ಕಲ್ಲಿನ ಲೋಡು ಹೊಡೆಯುತ್ತಾನೆ. ಲಾರಿ ಶಬ್ದ ಮಾಡುವುದಿಲ್ಲ.