ಮಾಪಿನೊಳಗಿನ ನಾಲ್ಕು ಲಕ್ಷ ಕೋಟಿ

ಮಾರ್ಲಾ ಹ್ರೂಸ್ಕಾಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದು ಅವಳ ದೊಡ್ಡಗುಣವೇನಲ್ಲ, ಕೆಲವರಿಗೆ ಸಿಳ್ಳೆ ಹಾಕಲು ಬಾರದಲ್ಲ, ಹಾಗೆ. ನೆಬ್ರಾಸ್ಕಾದ ಸಣ್ಣ ಕಾಲೇಜೊಂದರಲ್ಲಿ ಎರಡನೇ ವರ್ಷ ಮುಗಿಸಿದವಳು, ಬೇಸಿಗೆಯ ಹತ್ತು ವಾರ ಸಂಶೋಧನೆ ಮಾಡಲೆಂದು ಬಾಲ್ಟಿಮೋರಿನ ಡಾ. ಫೆನ್ವಿಕ್ ಅವರ ಪ್ರಯೋಗಾಲಯಕ್ಕೆ ಬಂದಿದ್ದಳು.

ಕೆಲಸ ಅವಳಿಗೆ ಹಿಡಿಸಿತ್ತು. ಚಿನ್ನ ಕರಗಿಸಿದ ಹಳದಿ ನೀರನ್ನು ಕುದಿಸಿ ಅದಕ್ಕೊಂದು ಉಪ್ಪು ಹಾಕಿದರೆ, ನೋಡನೋಡುತ್ತಿದ್ದಂತೆ ನೀರು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತಿತ್ತು. ಆ ಕೆಂಪೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಅವುಗಳ ಮೈಗೆ ಔಷಧಿ ಅಂಟಿಸಿ ಕ್ಯಾನ್ಸರ್ ಗಡ್ಡೆಗೆ ಕಳಿಸಬೇಕೆಂಬುದು ಡಾಕ್ಟರರ ಹತ್ತು ವರ್ಷದ ಹಟ.

ಮೂರನೇ ವಾರದ ಮಂಗಳವಾರ ಬೆಳಗ್ಗೆ ಮಾರ್ಲಾಳ ಕೈಯಿಂದ ಒಂದು ಕೊಳವೆ ಜಾರಿ ಎರಡು ಮಿಲಿಲೀಟರ್ ಕೆಂಪು ನೀರು ನೆಲಕ್ಕೆ ಚೆಲ್ಲಿತು. ಆ ಕಟ್ಟಡವನ್ನು ಮೂವತ್ತೊಂದು ವರ್ಷದಿಂದ ಗುಡಿಸಿ ಒರೆಸುತ್ತಿದ್ದ ಅರ್ಲೀನ್ ಪಕ್ಕದಲ್ಲೇ ಇದ್ದಳು. ಹುಡುಗಿ "ಅಯ್ಯೋ" ಅನ್ನುವಷ್ಟರಲ್ಲಿ ಕೋಲಿನ ತುದಿಗೆ ನೂಲೆಳೆ ಕಟ್ಟಿದ ಮಾಪು ಎಳೆದು ನೆಲ ಒಣಗಿಸಿಬಿಟ್ಟಳು.

"ಆಯ್ತಲ್ಲ ಮಗಾ, ಇನ್ನೇನು ಅಳೋದು?"

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚೆಲ್ಲಿದ್ದನ್ನು ವರದಿ ಮಾಡಲು ಒಂದು ಫಾರಂ ಇತ್ತು. ಯಾವ ವಸ್ತು ಎಂದು ಕೇಳಿತ್ತು. ಮಾರ್ಲಾ 'ಚಿನ್ನ' ಎಂದು ಬರೆದಳು. ಎಷ್ಟು ತುಂಡು ಎಂದು ಕೇಳಿತ್ತು. ಅರ್ಧ ಗಂಟೆ ಲೆಕ್ಕ ಹಾಕಿ 'ನಾಲ್ಕು ಲಕ್ಷ ಕೋಟಿ' ಎಂದು ಬರೆದು ಕಳಿಸಿದಳು.

ಊಟದ ಹೊತ್ತಿಗೆ ಆಸ್ತಿ ರಕ್ಷಣಾ ವಿಭಾಗದ ಪಲಾಸ್ಕಿ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು.

"ಚಿನ್ನ ಕಳುವಾಗಿದ್ಯಂತೆ?"

"ಕಳುವಾಗಿಲ್ಲ ಸರ್, ಚೆಲ್ತು."

"ನಾಲ್ಕು ಲಕ್ಷ ಕೋಟಿ ತುಂಡು?"

"ಹೆಚ್ಚೂಕಮ್ಮಿ."

"ಹೆಚ್ಚೋ, ಕಮ್ಮಿಯೋ?"

ಡಾ. ಫೆನ್ವಿಕ್ ಹಣೆ ಒತ್ತಿಕೊಂಡರು. "ಅದನ್ನೆಲ್ಲ ಮಾರಿದ್ರೆ ಒಂದು ಚೂಯಿಂಗ್ ಗಮ್ ಬರಲ್ಲ ಕಣ್ರೀ. ಮಾರ್ಲಾ, ಒಂದು ಹನಿ ಅಂತ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಒಂದು ಹನಿ ಅಲ್ವಲ್ಲ ಡಾಕ್ಟರ್."

ಪಲಾಸ್ಕಿ ನಿಯಮ ಓದಿದ. ಐವತ್ತಕ್ಕಿಂತ ಹೆಚ್ಚು ತುಂಡು ಚಿನ್ನ ಯಾವುದರಲ್ಲಿದ್ದರೂ ಅದನ್ನು ಬೀಗದಲ್ಲಿಟ್ಟು ಕಾವಲು ಹಾಕಬೇಕು. ಚಿನ್ನ ಈಗ ಮಾಪಿನಲ್ಲಿತ್ತು. ಸಂಜೆಯೊಳಗೆ ಮಾಪು ಗಾಜಿನ ಬೀರು ಸೇರಿತು. ಬಾಗಿಲಿಗೆ ಅರಗಿನ ಮುದ್ರೆ, ಎದುರಿಗೆ ಕುರ್ಚಿ ಹಾಕಿಕೊಂಡು ಒಬ್ಬ ಕಾವಲುಗಾರ.

"ಮೂವತ್ತೊಂದು ವರ್ಷದಲ್ಲಿ ನನಗೊಂದು ಕುರ್ಚಿ ಕೊಟ್ಟೋರಿಲ್ಲ," ಎಂದಳು ಅರ್ಲೀನ್, ಗಾಜಿಗೆ ಮೂಗು ತಾಗಿಸಿ. "ನೋಡೇ, ಕೋಲು ಹೆಂಗೆ ಮಹಾರಾಣಿ ಥರ ನಿಂತಿದೆ!"

ಹಳೆಯ ಮಾಪು ಒಪ್ಪಿಸದೆ ಉಗ್ರಾಣದವರು ಹೊಸದು ಕೊಡುವುದಿಲ್ಲ. ಹೀಗಾಗಿ ಪ್ರಯೋಗಾಲಯವಿದ್ದ ನಾಲ್ಕನೇ ಮಹಡಿಯ ನೆಲ ಅಂಟಂಟಾಯಿತು. ವಿದ್ಯಾರ್ಥಿಗಳು ನಡೆದರೆ ಚಪ್ಪಲಿಗಳು ಚಪ್ ಚಪ್ ಎನ್ನುತ್ತಿದ್ದವು. ನೊಬೆಲ್ ಸಮಿತಿಯ ಯಾರೋ ಭೇಟಿಗೆ ಬಂದವರು ಒಂದು ಶೂವನ್ನು ಕಾರಿಡಾರಿನಲ್ಲೇ ಬಿಟ್ಟು ಹೋದರೆಂದು ಸುದ್ದಿಯೂ ಹಬ್ಬಿತು.

ಮಾರ್ಲಾಳ ಕ್ಯಾನ್ಸರ್ ಕೆಲಸ ನಿಂತಿತು. ಮಾಪಿನಿಂದ ಚಿನ್ನ ಹೊರತೆಗೆಯುವುದೇ ಅವಳ ಸಂಶೋಧನೆಯಾಯಿತು. ದಿನಾ ಕಾವಲುಗಾರನ ಎದುರು ನಾಲ್ಕು ಎಳೆ ಕತ್ತರಿಸಿ, ತೊಳೆದು, ಗಿರಗಿರ ತಿರುಗುವ ಯಂತ್ರದಲ್ಲಿ ಕಣಗಳನ್ನು ತಳಕ್ಕಿಳಿಸಿ, ಲೇಸರ್ ಬೆಳಕಲ್ಲಿ ಎಣಿಸುತ್ತಿದ್ದಳು. ಐದು ವಾರವಾದ ಮೇಲೆ ಸಿಕ್ಕಿದ್ದು ಮೂರು ಲಕ್ಷದ ಇಪ್ಪತ್ತು ಸಾವಿರ ಕೋಟಿ.

"ಎಂಬತ್ತು ಸಾವಿರ ಕೋಟಿ ಎಲ್ಲಿ?" ಎಂದ ಪಲಾಸ್ಕಿ.

"ನೆಲದಲ್ಲಿ ಉಳಿದಿರಬಹುದು, ಸರ್. ಇಲ್ಲಾ ಅಲ್ಲಿ ಓಡಾಡಿದೋರ ಶೂ ತಳದಲ್ಲಿ."

ಹೇಳಿದ ಮರುಕ್ಷಣ ಮಾರ್ಲಾ ನಾಲಿಗೆ ಕಚ್ಚಿಕೊಂಡಳು. ಪಲಾಸ್ಕಿಯ ಕಣ್ಣು ಅರ್ಲೀನಳ ಬಿಳಿ ಶೂಗಳ ಮೇಲೆ ಬಿದ್ದಿತ್ತು.

"ಶೂ ಕೊಡಲ್ಲ," ಎಂದಳು ಅರ್ಲೀನ್. "ಬೇಕಾದ್ರೆ ನನ್ನನ್ನೇ ಆ ಬೀರುವಲ್ಲಿ ನಿಲ್ಲಿಸ್ಕೊಳ್ಳಿ. ಪಾಪ, ಕಾವಲು ಹುಡುಗನಿಗೂ ಮಾತಿಗೊಂದು ಜನ ಆಗುತ್ತೆ."

ಮಾರನೇ ದಿನ ಅವಳ ಕೈಗೆ ಕಾಗದ ಬಂತು: ಸೋಮವಾರದೊಳಗೆ ಶೂ ಒಪ್ಪಿಸದಿದ್ದರೆ ಕೆಲಸದಿಂದ ಅಮಾನತು. ಅರ್ಲೀನ್ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡಳು. ಅಂದು ಅವಳು ತಮಾಷೆ ಮಾಡಲಿಲ್ಲ.

ಮಾರ್ಲಾ ಆಡಿದ ನಿಜ ಹೋಗಿ ಇನ್ನೊಬ್ಬರ ಕುತ್ತಿಗೆಗೆ ಬಿದ್ದಿತ್ತು. ಡಾಕ್ಟರರ ಬಾಗಿಲು ತಟ್ಟಿ ಕೇಳಿದಳು: "ಎಂಬತ್ತು ಸಾವಿರ ಕೋಟಿ ಹೊಸದಾಗಿ ಮಾಡ್ಲಾ? ಹತ್ತು ನಿಮಿಷದ ಕೆಲಸ."

ಡಾ. ಫೆನ್ವಿಕ್ ಅವಳನ್ನೇ ದಿಟ್ಟಿಸಿದರು. "ಇದನ್ನ ಐದು ವಾರದ ಹಿಂದೆ ಯಾಕೆ ಹೇಳ್ಲಿಲ್ಲ?"

"ನೀವೂ ಹೇಳ್ಲಿಲ್ವಲ್ಲ, ಡಾಕ್ಟರ್."

ಸೋಮವಾರ ಪಲಾಸ್ಕಿ ಕೆಂಪು ನೀರಿನ ಕೊಳವೆಯನ್ನು ಬೆಳಕಿಗೆ ಹಿಡಿದ. "ಇವು ಕಳೆದು ಹೋದವೇ ತಾನೆ?"

ಡಾಕ್ಟರ್ ಜೋರಾಗಿ ಕೆಮ್ಮಿದರು. ಅರ್ಲೀನ್ ಕಣ್ಣು ಮುಚ್ಚಿಕೊಂಡಳು.

"ಅಲ್ಲ ಸರ್," ಎಂದಳು ಮಾರ್ಲಾ. "ಬೆಳಗ್ಗೆ ಮಾಡಿದ್ದು."

ಪಲಾಸ್ಕಿ ಫೈಲು ಬಿಚ್ಚಿ ಹಾಳೆ ಹಾಳೆಯಾಗಿ ಹುಡುಕಿದ. ತುಂಬ ಹೊತ್ತಾದ ಮೇಲೆ ತಲೆಯೆತ್ತಿದಾಗ ಅವನ ಮುಖದಲ್ಲಿ ಐದು ವಾರದಿಂದ ಕಾಣದ ನೆಮ್ಮದಿಯಿತ್ತು. "ಕಳೆದವೇನಾ ಅಂತ ಕೇಳೋಕೆ ಇಲ್ಲಿ ಜಾಗಾನೇ ಇಲ್ಲ. ಎಷ್ಟು ಅಂತ ಮಾತ್ರ ಇದೆ. ಎಣಿಸಿ."

ಹಳೆಯದು ಹೊಸದು ಸೇರಿಸಿ ಎಣಿಸಿದರು. ನಾಲ್ಕು ಲಕ್ಷದ ಮೂವತ್ತು ಸಾವಿರ ಕೋಟಿ.

"ಮೂವತ್ತು ಸಾವಿರ ಕೋಟಿ ಜಾಸ್ತಿ ಇದೆ!" ಪಲಾಸ್ಕಿ ಬಿಳಿಚಿಕೊಂಡ. "ಯಾರದ್ದಿದು?"

"ಯಾರದ್ದೂ ಅಲ್ಲ ಸರ್. ಎಣಿಸೋ ಯಂತ್ರ ನೂರಕ್ಕೆ ಹತ್ತು ಆಚೆ ಈಚೆ ತೋರಿಸುತ್ತೆ."

"ಯಾರದ್ದೂ ಅಲ್ಲ," ಎಂದು ಗೊಣಗಿಕೊಂಡು, ಪಲಾಸ್ಕಿ ಅಷ್ಟನ್ನು ಬೇರೆ ಕೊಳವೆಗೆ ಹಾಕಿಸಿ 'ಬಿದ್ದು ಸಿಕ್ಕ ವಸ್ತು' ಎಂದು ಚೀಟಿ ಅಂಟಿಸಿ ಒಯ್ದ.

ಅರ್ಲೀನಳ ಕಾಗದ ರದ್ದಾಯಿತು. ಮಾಪೂ ಬಿಡುಗಡೆಯಾಯಿತು, ಆದರೆ ಅದರಲ್ಲಿ ಒಂದೇ ಒಂದು ಎಳೆ ಉಳಿದಿರಲಿಲ್ಲ.

"ನನ್ನ ಯಜಮಾನನ ತಲೆಯೂ ಕೊನೆಗೆ ಹಿಂಗೇ ಆಗಿತ್ತು," ಎಂದು ಅವಳು ನಗುನಗುತ್ತಾ ಕೋಲನ್ನು ಉಗ್ರಾಣಕ್ಕೆ ಒಪ್ಪಿಸಿದಳು. ಆ ಶನಿವಾರ ಮಾರ್ಲಾಳನ್ನು ತಂಗಿಯ ಮನೆ ಹಿತ್ತಲಿಗೆ ಕರೆದೊಯ್ದು, ಸುತ್ತಿಗೆಯಲ್ಲಿ ಏಡಿ ಒಡೆದು ತಿನ್ನುವುದು ಕಲಿಸಿದಳು. "ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಏಡಿ ಒಡೆಯೋಕೂ ಬರಲ್ಲ. ಹೆಂಗೆ ಬದುಕ್ತೀಯೇ?"

ಕೊನೆಯ ವಾರ ವಿದ್ಯಾರ್ಥಿಗಳೆಲ್ಲ ತಮ್ಮ ಕೆಲಸವನ್ನು ಗೋಡೆಗೆ ಅಂಟಿಸಿ ವಿವರಿಸಬೇಕಿತ್ತು. ಉಳಿದವರ ಹಾಳೆಗಳಲ್ಲಿ ಗಡ್ಡೆಗಳು, ಇಲಿಗಳು. ಮಾರ್ಲಾಳ ಹಾಳೆಯಲ್ಲಿ ಮಾಪಿನ ಚಿತ್ರ, ಕೆಳಗೆ ಒರೆಸಿದವಳು ಅರ್ಲೀನ್ ಎಂಬ ಬರಹ. ಹಲವರು ನಕ್ಕು ಮುಂದೆ ಹೋದರು. ಆಸ್ಪತ್ರೆಯ ಸೋಂಕು ತಡೆ ವಿಭಾಗದ ಒಬ್ಬ ನರ್ಸ್ ಮಾತ್ರ ಅಲ್ಲಿಂದ ಕದಲಲಿಲ್ಲ.

"ಅಂದ್ರೆ ಒರೆಸಿದ್ರಲ್ಲಿ ಐದನೇ ಒಂದು ಪಾಲು ಹಿಂದೆ ಉಳಿಯುತ್ತೆ ಅಂತೀಯಾ? ಇದನ್ನ ಯಾರೂ ಅಳೆದಿದ್ದು ನಾನು ನೋಡಿಲ್ಲ. ಅರ್ಲೀನ್ ಥರದೋರನ್ನ ನಾಲ್ಕು ಜನ ಕೊಡ್ತೀನಿ, ಮುಂದಿನ ಬೇಸಿಗೆಗೆ ನಮ್ಮಲ್ಲಿಗೆ ಬಾ."

ಮಾರ್ಲಾ ಅಲ್ಲೇ ಒಪ್ಪಿಕೊಂಡಳು.

ನವೆಂಬರಿನಲ್ಲಿ ನೆಬ್ರಾಸ್ಕಾದ ಮನೆಗೊಂದು ಪೊಟ್ಟಣ ಬಂತು. ಬಿದ್ದು ಸಿಕ್ಕ ವಸ್ತುವನ್ನು ತೊಂಬತ್ತು ದಿನ ಯಾರೂ ತಮ್ಮದೆನ್ನದ ಕಾರಣ ಅದು ಸಿಕ್ಕವಳಿಗೇ ಸೇರುತ್ತದೆ ಎಂದು ಪಲಾಸ್ಕಿ ಬರೆದಿದ್ದ. ಅವಳ ಅಜ್ಜಿ ಕೊಳವೆಯನ್ನು ಕಿಟಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿದಳು.

"ಚಿನ್ನ ಎಲ್ಲೇ?"

"ಈ ಕೆಂಪೇ ಚಿನ್ನ, ಅಜ್ಜಿ. ಮೂವತ್ತು ಸಾವಿರ ಕೋಟಿ."

"ಒಂದು ಓಲೆ ಆಗುತ್ತಾ?"

"ಇಲ್ಲ."

ಅಜ್ಜಿ ನಿಟ್ಟುಸಿರಿಟ್ಟು, ಚೀಟಿಯಲ್ಲಿ ತಂಪಾದ ಜಾಗದಲ್ಲಿಡಿ ಎಂದಿದ್ದುದರಿಂದ, ಅದನ್ನು ಫ್ರಿಜ್ಜಿನಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಪಕ್ಕ ನಿಲ್ಲಿಸಿದಳು.