ನಿತ್ಯಬಳಕೆಯ ನಾನೂರು ವಾಕ್ಯಗಳು

ಪ್ಯೊ ಮೇಷ್ಟ್ರಿಗೆ ಇಂಗ್ಲಿಷ್ ಬರುವುದಿಲ್ಲ. ಇದು ನನಗೆ ಗೊತ್ತು, ಅವರಿಗೂ ಗೊತ್ತು. ಸಿಯೋಲಿನ ಕೋಚಿಂಗ್ ಬೀದಿ ನೊರ್ಯಾಂಜಿನ್‌ನಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಸಾವಿರಾರು ದಡ್ಡರಿಗೆ ಮಾತ್ರ ಗೊತ್ತಿಲ್ಲ. ಅವರ ಪಾಲಿಗೆ ಪ್ಯೊ ದೇವರು. ಬಸ್ಸುಗಳ ಬೆನ್ನಿನ ಮೇಲೆಲ್ಲ ಅವರದೇ ಫೋಟೋ, ಕೈಕಟ್ಟಿಕೊಂಡು, ಗದ್ದ ಮೇಲೆತ್ತಿಕೊಂಡು.

ಆ ದೇವರಿಗೆ ನೈವೇದ್ಯ ಬೇಯಿಸುವವಳು ನಾನು, ಓಕ್ ಮಿರಾನ್. ಕಾಗದದ ಮೇಲೆ ನನ್ನ ಹುದ್ದೆ ಸಂಶೋಧಕಿ. ಅಂದರೆ ಮೇಷ್ಟ್ರ ಪುಸ್ತಕ ಬರೆಯುವುದು, ಮೇಷ್ಟ್ರ ಜೋಕು ಬರೆಯುವುದು, ಪಾಠ ನಡೆಯುವಾಗ ವೇದಿಕೆಯ ಮೂಲೆಯಲ್ಲಿ ಕೂತು ಪರದೆಯ ಮೇಲಿನ ಪುಟ ಬದಲಿಸುವುದು. ಆರು ವರ್ಷದಿಂದ ಇದೇ ಕೆಲಸ.

ಈ ವರ್ಷದ ಪುಸ್ತಕ ಇಂಗ್ಲಿಷಿನ ಬಾಲ ಕಟ್ಟಿದ ಕ್ರಿಯಾಪದಗಳದ್ದು. ಇಂಗ್ಲಿಷರು ಹೊಸ ಪದ ಹುಟ್ಟಿಸಲು ಸೋಮಾರಿಗಳು. ಇದ್ದ ನಾಲ್ಕು ಪದಕ್ಕೇ ಒಂದೊಂದು ಬಾಲ ಕಟ್ಟಿಬಿಡುತ್ತಾರೆ. 'ಪುಟ್' ಅಂದರೆ ಇಡು. 'ಪುಟ್ ಆಫ್' ಅಂದರೆ ಮುಂದೂಡು, 'ಪುಟ್ ಔಟ್' ಅಂದರೆ ಬೆಂಕಿ ಆರಿಸು, 'ಪುಟ್ ಅಪ್ ವಿತ್' ಅಂದರೆ ಸಹಿಸಿಕೊ. ಇವನ್ನು ಅಡುಗೆಮನೆಯಲ್ಲಿ, ಬೀದಿಯಲ್ಲಿ, ಜಗಳದಲ್ಲಿ ಆಡಿ ಆಡಿ ಕಲಿಯಬೇಕು. ನಮ್ಮವರೋ, ನಿತ್ಯಬಳಕೆಯ ವಾಕ್ಯಗಳನ್ನು ಒಂದು ದಿನವೂ ಬಳಸದೆ ಬಾಯಿಪಾಠ ಮಾಡುತ್ತಾರೆ. ಮೈಮೇಲೆ ಟ್ರ್ಯಾಕ್ ಸೂಟು, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಕಾಗದದ ಕಪ್ಪಿನ ತುಂಬ ಅನ್ನ, ಬಾಯಲ್ಲಿ 'ಲುಕ್ ಆಫ್ಟರ್, ಲುಕ್ ಆಫ್ಟರ್'. ಒಬ್ಬ ವಿದೇಶಿ ಎದುರು ಬಂದು ದಾರಿ ಕೇಳಿದರೆ ಅದೇ ಬಾಯಿಗೆ ಬೀಗ ಬೀಳುತ್ತದೆ.

ನಾನೂರು ವಾಕ್ಯ ಬೇಕು ಎಂದರು ಮೇಷ್ಟ್ರು. ಟಾಮ್ ಬಸ್ಸು ಹತ್ತಿದ, ಮೇರಿ ದೀಪ ಆರಿಸಿದಳು ಎಂದು ನೂರು ಬರೆಯುವಷ್ಟರಲ್ಲಿ ನನಗೆ ವಾಕರಿಕೆ ಬಂತು. ಆಮೇಲೆ ನನ್ನ ಅಮ್ಮನನ್ನೇ ಬರೆದೆ, ಊರು, ಕಟ್ಟೆಯ ನಂಬರು ಸಮೇತ. ಅಮ್ಮ ನಮ್ಮೂರು ಮೊಕ್ಪೊದ ಮೀನು ಮಾರುಕಟ್ಟೆಯ ಹದಿನೇಳನೆಯ ಕಟ್ಟೆಯಲ್ಲಿ ನಲವತ್ತು ವರ್ಷದಿಂದ ಕೂತವಳು. ಅಮ್ಮ ನಸುಕಿಗೇ ಏಳುತ್ತಾಳೆ, ಅದಕ್ಕೆ 'ಗೆಟ್ ಅಪ್'. ನೀಲಿ ರಬ್ಬರ್ ಏಪ್ರನ್ ತೊಡುತ್ತಾಳೆ, ಅದಕ್ಕೆ 'ಪುಟ್ ಆನ್'. ಗಂಡನಿಲ್ಲದೆ ಒಬ್ಬಳೇ ನನ್ನನ್ನು ಸಾಕಿ ಬೆಳೆಸಿದಳು, ಅದಕ್ಕೆ 'ಬ್ರಿಂಗ್ ಅಪ್'. ಬರೆಯುತ್ತಾ ಬರೆಯುತ್ತಾ ಉಳಿದ ಮುನ್ನೂರೂ ಆಗಿಹೋದವು.

ಇದು ಯಾರ ಅಮ್ಮ ಎಂದು ಮೇಷ್ಟ್ರು ಕೇಳಲೇ ಇಲ್ಲ. "ಓಕ್, ಇದರಲ್ಲಿ ಜೀವ ಇದೆ ಕಣಮ್ಮ," ಎಂದರು. "ಈ ಸಲದ ಮೊದಲ ಪಾಠದಲ್ಲಿ ಕೊನೇ ಇಪ್ಪತ್ತು ನಿಮಿಷ ನಿಂದು. ವೇದಿಕೆ ಮೇಲೆ ನಿಂತು ನೀನೇ ಪಾಠ ಮಾಡು."

ಒಮ್ಮೆ ಆ ವೇದಿಕೆಯ ಮೇಲೆ ನಿಂತವರಿಗೆ ಮರುವರ್ಷ ಸ್ವಂತ ಕ್ಲಾಸು ಸಿಗುತ್ತದೆ. ನಿಲ್ಲದವರು ಸಾಯುವವರೆಗೂ ಪುಟ ಬದಲಿಸುತ್ತಿರಬೇಕು. ಖುಷಿ ತಡೆಯಲಾರದೆ ಊರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಹೇಳಬಾರದಿತ್ತು.

ನಮ್ಮಲ್ಲಿ ಮೊದಲ ಸಾಲು ಬೇಕೆಂದರೆ ಬೆಳಗಿನ ಜಾವ ಐದಕ್ಕೇ ಬಂದು ಬಾಗಿಲ ಮುಂದೆ ನಿಲ್ಲಬೇಕು. ಬಾಗಿಲು ತೆರೆದ ಕೂಡಲೇ ನುಗ್ಗಿ, ಮೇಜಿನ ಮೇಲೆ ಹೆಸರಿನ ಚೀಟಿ ಅಂಟಿಸಿ, ಆಮೇಲೆ ತಿಂಡಿಗೆ ಹೋಗಬೇಕು. ಪಾಠದ ದಿನ ನಾನು ಎಂಟಕ್ಕೆ ಹೋದಾಗ ಎಲ್ಲರೂ ತಿನ್ನಲು ಹೋಗಿದ್ದರು. ಖಾಲಿ ಸಭಾಂಗಣದ ಮೊದಲ ಸಾಲಿನಲ್ಲಿ, ನಟ್ಟನಡುವೆ, ಅಮ್ಮ ಒಬ್ಬಳೇ ಕೂತಿದ್ದಳು. ನೇರಳೆ ಜಾಕೀಟು, ಕಾಲ ಬಳಿ ಹುದುಗು ಬರಿಸಿದ ತೊರಕೆ ಮೀನಿನ ಡಬ್ಬಿ.

"ಅಮ್ಮಾ! ಒಂದು ಮಾತು ಹೇಳಬಾರ್ದಾ?"

"ಹೇಳಿದ್ರೆ ಬೇಡ ಅಂತಿದ್ದೆ. ರಾತ್ರಿ ಬಸ್ಸಲ್ಲಿ ಬಂದೆ ಕಣೇ. ಇಲ್ಲೇ ರೈಲು ಹಳಿ ಆಚೆ ಮೀನು ಮಾರ್ಕೆಟ್ಟಿಗೂ ಹೋಗಿದ್ದೆ. ಥೂ, ಸತ್ತು ಮೂರು ದಿನ ಆಗಿರೋ ಮೀನಿಗೆ ಅದೇನ್ ದೀಪಾನೋ, ಅದೇನ್ ಅಲಂಕಾರಾನೋ! ಆಮೇಲೆ ಬಂದು ಸಾಲಲ್ಲಿ ನಿಂತೆ."

"ಈ ಹುಡುಗ್ರ ಜೊತೆ ಓಡಿದ್ಯಾ?"

"ಮೀನು ಹರಾಜಿಗೆ ಓಡಿದವಳ ಮುಂದೆ ಇವು ಯಾವ ಮೂಲೆಗೆ! ಒಬ್ಬನ್ನ ಮೊಣಕೈಲಿ ತಳ್ಳಿ ಮುಂದೆ ಬಂದೆ."

"ಡಬ್ಬಿ ನಾತ ಹೊಡೀತಿದೆ ಅಮ್ಮ."

"ಹೊಡೀಲಿ ಬಿಡು. ನಿಮ್ಮ ಮೇಷ್ಟ್ರಿಗೆ ತಂದಿದ್ದು. ನಿಂಗೆ ಜಾಗ ಬಿಟ್ಟುಕೊಟ್ಟಿದಾರಲ್ಲ, ಪುಣ್ಯಾತ್ಮ."

ಒಂಬತ್ತಕ್ಕೆ ಮುನ್ನೂರು ಜನ ತುಂಬಿದರು. ಕುರ್ಚಿ ಸಿಗದವರು ಹಿಂದಿನ ಗೋಡೆಗೆ ಒರಗಿ ನಿಂತರು. ಪುಣ್ಯಾತ್ಮ ಚಪ್ಪಾಳೆಯ ನಡುವೆ ಬಂದರು.

ಈ ಬೀದಿಯಲ್ಲಿ ಮೇಷ್ಟ್ರಾದವರು ಪಾಠದ ನಡುವೆ ತಮ್ಮ ಬಡತನದ ಕಥೆ ಹೇಳಿ ಮಕ್ಕಳನ್ನು ಅಳಿಸಬೇಕು. ಅತ್ತವರು ಮುಂದಿನ ಪಾಠಕ್ಕೂ ಬರುತ್ತಾರೆ. ಪ್ಯೊ ಸಿಯೋಲಿನ ದಂತವೈದ್ಯರ ಮಗ; ಬಡತನವನ್ನು ಟಿವಿಯಲ್ಲಿ ಕಂಡರೂ ಚಾನೆಲ್ ಬದಲಿಸುವ ಪೈಕಿ. ಹಾಗಾಗಿ ವರ್ಷಕ್ಕೊಂದು ಕಥೆ ನಾನೇ ಕಟ್ಟಿಕೊಡುತ್ತಿದ್ದೆ. ಈ ವರ್ಷ ಕೇಳಿರಲಿಲ್ಲ. ಯಾಕೆ ಕೇಳಿರಲಿಲ್ಲ ಎಂದು 'ಬ್ರಿಂಗ್ ಅಪ್' ಇದ್ದ ಪುಟ ಪರದೆಯ ಮೇಲೆ ಬಂದಾಗ ತಿಳಿಯಿತು.

ಮೇಷ್ಟ್ರು ಕನ್ನಡಕ ತೆಗೆದರು. "ಈ ವಾಕ್ಯ ಪುಸ್ತಕಕ್ಕೋಸ್ಕರ ಬರೆದಿದ್ದಲ್ಲ ಮಕ್ಕಳೇ. ಇದು ನಮ್ಮಮ್ಮ. ಮೊಕ್ಪೊ ಮಾರ್ಕೆಟ್ಟು, ಹದಿನೇಳನೇ ಕಟ್ಟೆ, ನೀಲಿ ಏಪ್ರನ್ನು. ಹೋದ ಚಳಿಗಾಲದಲ್ಲಿ ತೀರ್ಕೊಂಡ್ಳು. 'ಪಾಸ್ ಅವೇ', ಬರ್ಕೊಳ್ಳಿ. ಆವಾಗ ನಾನು ಇದೇ ವೇದಿಕೆ ಮೇಲಿದ್ದೆ. ಕೊನೇ ಸಲ ಮುಖ ನೋಡೋಕೂ ಆಗ್ಲಿಲ್ಲ."

'ಪಾಸ್ ಅವೇ' ನಾನು ಬರೆದದ್ದು ಟಾಮ್‌ನ ತಾತನ ಬಗ್ಗೆ. ಈ ಮನುಷ್ಯ ನನ್ನ ಅಮ್ಮನನ್ನು ಕದ್ದದ್ದು ಸಾಲದೆಂದು ಕೊಂದೂ ಹಾಕಿದ್ದ. ಇನ್ನು ಇವನಿಗೆ ಬಹುವಚನ ದಂಡ. ಆದರೂ ನಾನು ಮೂಲೆಯಲ್ಲಿ ಕೂತೇ ಇದ್ದೆ.

ಮುನ್ನೂರು ಜನ ಮೂಗು ಒರೆಸಿಕೊಂಡರು, ಅಳುತ್ತಲೇ ಆ ಪದದ ಕೆಳಗೆ ಗೆರೆ ಎಳೆದರು. ಅಮ್ಮನೂ ಅಳುತ್ತಿದ್ದಳು. ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಅಯ್ಯೋ ನನ್ನಪ್ಪ, ಹದಿನೇಳು ಅಂದ್ಯಾ? ಹದಿನೇಳು ನಂದಲ್ವಾ? ನಲವತ್ತು ವರ್ಷದಿಂದ ನಾನೇ ಕೂತಿರೋದು. ದುಃಖದಲ್ಲಿ ಮರ್ತಿದೀಯ. ನಿಮ್ಮಮ್ಮನ ಹೆಸರು ಹೇಳು ಮಗಾ, ಅಲ್ಲಿರೋರೆಲ್ಲ ನಂಗೆ ಗೊತ್ತು."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ತಾಯಿ ಸತ್ತ ಮಗನನ್ನು ಸಮಾಧಾನ ಮಾಡಲು ಎದ್ದಿದ್ದಳು, ಅಷ್ಟೇ.

"ಅಜ್ಜಿ, ಇದು ಪರೀಕ್ಷೆಗೆ ಬರಲ್ಲ, ಕೂತ್ಕೊಳ್ಳಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಈಗಷ್ಟೇ ಅತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ತಾಯಿಯ ಮೇಲಿನ ವಾಕ್ಯ ಪರೀಕ್ಷೆಗೆ ಬೇಕು, ತಾಯಿ ಬೇಡ. ಇಂಥವರೇ ನಾಳೆ ಕಚೇರಿಯ ಕಿಟಕಿಯ ಹಿಂದೆ ಕೂತು ನಮ್ಮ ಅರ್ಜಿ ತಿರಸ್ಕರಿಸುವವರು.

ಪ್ಯೊನ ಮುಖ ಬಿಳಿಚಿಕೊಂಡಿತು. ಮೈಕಿಗೆ ಕೈ ಅಡ್ಡ ಹಿಡಿದು ನನ್ನತ್ತ ಬಗ್ಗಿದ. "ಯಾರೇ ಇದು ಹುಚ್ಚಿ? ಮೊದ್ಲು ಹೊರಗೆ ಹಾಕು. ಇನ್ನೊಂದು ಮಾತು ಆಡಿದ್ಲೋ, ನಿನ್ನ ಇಪ್ಪತ್ತು ನಿಮಿಷಾನೂ ಇಲ್ಲ, ಕೆಲಸಾನೂ ಇಲ್ಲ."

ಅಮ್ಮ ನನ್ನ ಕಡೆ ತಿರುಗಿದಳು. ನೀನಾದರೂ ಇವನಿಗೆ ಹೇಳೇ ಎನ್ನುವ ಹಾಗಿತ್ತು ಅವಳ ಮುಖ. 'ಅಮ್ಮ' ಎಂದು ಒಂದು ಸಲ ಕರೆದಿದ್ದರೆ ಸಾಕಿತ್ತು, ಬಸ್ಸುಗಳ ಮೇಲಿನ ಫೋಟೋಗಳೆಲ್ಲ ಇಳಿದುಹೋಗುತ್ತಿದ್ದವು. ನಾನು ವೇದಿಕೆಯಿಂದಿಳಿದು ಅವಳ ತೋಳು ಹಿಡಿದೆ.

"ಬನ್ನಿ ಅಜ್ಜಿ, ಹೊರಗೆ ಹೋಗೋಣ," ಎಂದೆ.

ಅಮ್ಮ ನನ್ನ ಮುಖ ನೋಡಿದಳು, ಕಿವಿರು ಎತ್ತಿ ಮೀನು ಕೆಟ್ಟಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಡಬ್ಬಿ ಎತ್ತಿಕೊಂಡು ನನ್ನ ಜೊತೆ ನಡೆದಳು.

ಹೊರಗೆ ಬಾಗಿಲು ಮುಚ್ಚಿಕೊಂಡ ಮೇಲೆ ನನ್ನ ನಾಲಿಗೆ ಹೊರಳಿತು. "ಅಮ್ಮಾ, ಇಪ್ಪತ್ತು ನಿಮಿಷ ಅಷ್ಟೇ. ಕೆಳಗೆ ಕೂತಿರು, ಆಮೇಲೆ ಎಲ್ಲಾ ಹೇಳ್ತೀನಿ."

ಅವಳು ಮೆಲ್ಲಗೆ ತೋಳು ಬಿಡಿಸಿಕೊಂಡಳು. "ನೀವು ಒಳಗೆ ಹೋಗಿ ಟೀಚರಮ್ಮ. ಮಕ್ಕಳು ಕಾಯ್ತಿರ್ತಾವೆ. ನಂಗೆ ದಾರಿ ಗೊತ್ತು."

ಹುಟ್ಟಿದಾಗಿನಿಂದ ಅವಳು ನನ್ನನ್ನು 'ನೀವು' ಎಂದದ್ದಿಲ್ಲ. ಲಿಫ್ಟಿಗೂ ಕಾಯದೆ, ಡಬ್ಬಿಯನ್ನು ಎದೆಗೆ ಅವಚಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಪ್ಯೊ ಮಾತಿಗೆ ತಪ್ಪಲಿಲ್ಲ. ಅವನ ಜನ್ಮದಲ್ಲಿ ಅದೊಂದೇ ಸಲ ಇರಬೇಕು. ನನಗೆ ಇಪ್ಪತ್ತು ನಿಮಿಷ ಸಿಕ್ಕಿತು. ಮೈಕು ಹಿಡಿದು ತಲೆ ಎತ್ತಿದರೆ ಎದುರಿಗೇ ಅಮ್ಮನ ಖಾಲಿ ಕುರ್ಚಿ, ಮೇಜಿನ ಮೇಲೆ ಅವಳು ಅಂಟಿಸಿದ್ದ ಚೀಟಿ. ಮೀನಿನ ಬೆಲೆ ಬರೆಯುವ ದಪ್ಪ ಅಕ್ಷರಗಳಲ್ಲಿ ಬರೆದಿದ್ದಳು: ಓಕ್ ಮಿರಾನ್ ಟೀಚರ್ ಅವರ ಅಮ್ಮ. ಬೆಳಗಿನಿಂದ ಅಲ್ಲೇ ಇತ್ತು. ಅಕ್ಕಪಕ್ಕ ಕೂತ ಯಾವ ಕತ್ತೆಯೂ ಅದನ್ನು ಓದಿರಲಿಲ್ಲ. ನಾನೂ ಓದಿರಲಿಲ್ಲ.

"ಎಲ್ಲರೂ ಒಟ್ಟಿಗೆ ಹೇಳಿ," ಎಂದೆ. ನನ್ನನ್ನು ಸಾಕಿ ಬೆಳೆಸಿದ್ದು ಅಮ್ಮ ಎಂದು ಮುನ್ನೂರು ಗಂಟಲು ಇಂಗ್ಲಿಷಿನಲ್ಲಿ ಕೂಗಿದವು.

ಗೋಡೆಗೆ ಒರಗಿ ನಿಂತಿದ್ದವಳೊಬ್ಬಳು ಪುಸ್ತಕ ಹಿಡಿದು ಮುಂದೆ ಬಂದಳು. ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು, ಓದದೆ ಮುದುಡಿದಳು.

"ಟೀಚರ್, ಈ ಸೀಟಲ್ಲಿ ಯಾರಾದ್ರೂ ಇದಾರಾ?"

"ಯಾರೂ ಇಲ್ಲ, ಕೂತ್ಕೊ," ಎಂದೆ.