ಎರಡು ಆಂಪ್ಲಿಫೈಯರ್‌ಗಳ ಮನೆ

ಘಣಸೋಲಿಯ ಆ ಫ್ಲ್ಯಾಟಿನ ಹಾಲ್‌ನಲ್ಲಿ ಒಂದೇ ಜೋಡಿ ದೊಡ್ಡ ಸ್ಪೀಕರಿಗೆ ಜಾಗವಿತ್ತು. ಟಿವಿಯ ಎಡಕ್ಕೊಂದು, ಬಲಕ್ಕೊಂದು. ಶೇಖರಣ್ಣನ ಸೊಂಟದೆತ್ತರದ ಮರದ ಪೆಟ್ಟಿಗೆಗಳು ಅಲ್ಲಿ ನಿಂತು ಎಷ್ಟೋ ಕಾಲವಾಗಿತ್ತು. ಪಕ್ಕದ ಕಪಾಟಿನಲ್ಲಿ ಅವರ ಸ್ಟೀರಿಯೊ ಆಂಪ್ಲಿಫೈಯರ್, ಅದರ ತಲೆಯ ಮೇಲೆ ಕ್ಯಾಸೆಟ್ ಡೆಕ್. ಠಾಣೆಯ ಹೋಟೆಲೊಂದಕ್ಕೆ ಲೋಟ ತೊಳೆಯಲು ಸೇರಿ, ಮ್ಯಾನೇಜರಾಗಿ ಹೊರಬಂದ ಮನುಷ್ಯ ಅವರು. ಬೀಡಿ ಸೇದಲಿಲ್ಲ, ಇಸ್ಪೀಟು ಆಡಲಿಲ್ಲ. ಮಾಡಿದ ಷೋಕಿ ಅಂದರೆ ಇದೊಂದೇ.

ಭಾನುವಾರ ಊಟವಾದ ಮೇಲೆ ಅಲ್ಲಿ ತಾಳಮದ್ದಳೆ ಕೇಳುವ ರೂಢಿ. ಡೊಂಬಿವಲಿಯಿಂದ ಹಳೆಯ ಅರ್ಥಧಾರಿ ಚೆನ್ನಯ ಬರುತ್ತಿದ್ದ, ಜೊತೆಗೆ ಹಳೆಯ ಹೋಟೆಲಿನ ಒಬ್ಬಿಬ್ಬರು. ಕ್ಯಾಸೆಟ್ಟುಗಳೆಲ್ಲ ಶೇಖರಣ್ಣನೇ ತುಂಬಿಸಿದವು. ರಜೆಯ ದಿನ ಹೋಟೆಲಿನ ಮಹಡಿಯಲ್ಲಿ ಕೆಲಸದವರೇ ಎರಡು ಸಾಲಾಗಿ ಎದುರುಬದುರು ಕೂತು, ಪಾತ್ರ ಹಂಚಿಕೊಂಡು ಅರ್ಥ ಹೇಳುವಾಗ, ಇವರು ಎಡಸಾಲಿಗೊಂದು ಮೈಕು, ಬಲಸಾಲಿಗೊಂದು ಮೈಕು ಇಳಿಬಿಟ್ಟು ಹಿಡಿದಿಟ್ಟದ್ದು. ಹಾಗಾಗಿ ಆ ಕ್ಯಾಸೆಟ್ಟಿನಲ್ಲಿ ರಾಜ ಎಡದಿಂದ ಗುಡುಗುತ್ತಾನೆ, ದೂತ ಬಲದಿಂದ ಉತ್ತರ ಕೊಡುತ್ತಾನೆ, ನಡುವೆ ಮದ್ದಳೆ. ಕಣ್ಣು ಮುಚ್ಚಿದರೆ ಯಾರು ಎಲ್ಲಿ ಕೂತಿದ್ದಾರೆಂದು ಬೆರಳು ಮಾಡಿ ತೋರಿಸಬಹುದು.

ದೀಪಾವಳಿಗೆ ಸೊಸೆ ಜ್ಯೋತಿ ಹೋಮ್ ಥಿಯೇಟರ್ ರಿಸೀವರ್ ತಂದಳು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ವಿಜಯಪುರದವರ ಮಗಳು, ರಬಾಳೆಯ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಸಿನಿಮಾ ಎಂದರೆ ಪ್ರಾಣ. ಗಂಡ ವಿಕಾಸ್ ಕಂಪನಿ ಕೆಲಸದ ಮೇಲೆ ನಾಗಪುರದಲ್ಲಿದ್ದ. ಕೂಡಿಸಲು ಬಂದವನು ಅಂಗಡಿಯ ಮನೀಷ್. ಅವನು ಮಾತಿಗೆಂದು ನಡುವೆ ಒಂದು ಸ್ಪೀಕರು, ಸೋಫಾದ ಹಿಂದೆ ಎರಡು ಪುಟ್ಟವು ಹಚ್ಚಿ, ಮರದ ಪೆಟ್ಟಿಗೆಗಳ ತಂತಿಯನ್ನೂ ಹೊಸ ರಿಸೀವರಿಗೇ ಸಿಕ್ಕಿಸಿದ. ಡೆಕ್ಕನ್ನೂ ಅದಕ್ಕೇ ಜೋಡಿಸಿ ಕ್ಯಾಸೆಟ್ ಹಾಕಿದರೆ, ರಾಜ ಸೋಫಾದ ಹಿಂದಿನಿಂದ ಗುಡುಗಿದ, ದೂತನೂ ಅಲ್ಲೇ.

"ಇಬ್ರೂ ಒಂದೇ ಕಡೆ ಸೇರಿದ್ರೆ ಇನ್ನು ಜಗಳ ಯಾರ ಹತ್ರ ಮಾಡುದು?" ಎಂದರು ಶೇಖರಣ್ಣ.

ಮನೀಷ್ ಬರೀ ಸ್ಟೀರಿಯೊಗೆ ತಿರುಗಿಸಿದ. ಎಡಬಲ ಬೇರೆಯಾಯಿತು ನಿಜ. ಆದರೆ ಮದ್ದಳೆಯ ದುಂಡು ಸ್ವರ ಒಣಗಿ, ಡಬ್ಬಿ ಬಡಿದಂತಾಯಿತು. ಜ್ಯೋತಿಗೂ ಅದು ಕೇಳಿಸಿತು.

"ಅಂಕಲ್, ಅಬ್ ಇಸ್ಕೋ ರಿಟೈರ್ ಕರೋ," ಮನೀಷ್ ಹಳೆಯದನ್ನು ತೋರಿಸಿದ. "ಆಪ್ ಭೀ ತೋ ರಿಟೈರ್ ಹೋ ಗಯೇ."

"ಮೈ ರಿಟೈರ್ ಹುವಾ. ಘರ್ ಸೇ ನಿಕಾಲಾ ಕ್ಯಾ ಮೇರೇ ಕೋ?" ನನ್ನನ್ನು ಮನೆಯಿಂದ ಹೊರಹಾಕಿದರೇನು ಎಂಬುದು ಶೇಖರಣ್ಣನ ಪ್ರಶ್ನೆ.

ಹಳೆಯ ಆಂಪ್ಲಿಫೈಯರನ್ನು ಎಕ್ಸ್‌ಚೇಂಜಿಗೆ ಒಯ್ಯುವುದೆಂದು ಮೊದಲೇ ಮಾತಾಗಿತ್ತು. ಶೇಖರಣ್ಣ ಚಹಾ ಮಾಡಲು ಒಳಗೆ ಹೋದರು. ಅದು ಹೋದರೆ ಭಾನುವಾರವೂ ಹೋದಂತೆಯೇ ಎಂದು ಅವರಿಗೆ ಗೊತ್ತಿತ್ತು. ಡೊಂಬಿವಲಿಯಿಂದ ಎರಡು ಗಾಡಿ ಬದಲಿಸಿ ಬರುವ ಚೆನ್ನಯನಿಗೆ ಡಬ್ಬಿ ಬಡಿದ ಸದ್ದು ಕೇಳಿಸಲಾಗುತ್ತದೆಯೇ?

ಜ್ಯೋತಿ ಮಾತ್ರ ರಿಸೀವರಿನ ಬೆನ್ನಿಗೆ ಮೊಬೈಲಿನ ಬೆಳಕು ಬಿಟ್ಟು ನೋಡುತ್ತ ಕೂತಳು. "ಇಲ್ಲಿ ಪ್ರೀ-ಔಟ್ ಅಂತ ಎರಡು ತೂತ ಅದಾವಲ್ಲ. ಇವು ಯಾತಕ್ಕ?" ಎಂದು ಹಿಂದಿಯಲ್ಲೂ ಒಮ್ಮೆ ಕೇಳಿದಳು. ಮನೀಷ್ ತಲೆ ಕೆರೆದುಕೊಂಡು, ಹಾಗೂ ಮಾಡಬಹುದು ಎಂದು ಒಪ್ಪಿದ: ಅಲ್ಲಿಂದ ಎರಡು ತಂತಿ ಎಳೆದು ಹಳೆಯದರ ಹಿಂದೆ ಆಕ್ಸ್ ಎಂಬಲ್ಲಿ ಕೊಟ್ಟರೆ, ಮರದ ಪೆಟ್ಟಿಗೆಗಳನ್ನು ಹಳೆಯದೇ ನುಡಿಸುತ್ತದೆ, ಉಳಿದವನ್ನು ಹೊಸದು. ಕ್ಯಾಸೆಟ್ ಕೇಳುವಾಗ ಹೊಸದನ್ನು ಹಚ್ಚುವುದೇ ಬೇಡ. ಹಾಗೆಯೇ ಮಾಡಿದ. ಡೆಕ್ಕನ್ನು ಮತ್ತೆ ಹಳೆಯದಕ್ಕೇ ಜೋಡಿಸಿ, ಪೆಟ್ಟಿಗೆಗಳ ತಂತಿಯನ್ನೂ ಹೊಸದರಿಂದ ಪೂರ್ತಿ ಕಳಚಿ ಹಳೆಯದಕ್ಕೆ ತಂದ. ಎರಡಕ್ಕೂ ಒಟ್ಟಿಗೆ ಸಿಕ್ಕಿಸಿದರೆ ಎರಡೂ ಸುಟ್ಟುಹೋದಾವು ಎಂದ. ಸೋಫಾದ ಮೇಲೆ ಪುಟ್ಟ ಮೈಕೊಂದನ್ನು ಇಟ್ಟು ಅಳತೆ ಮಾಡಿಸಿದ. ರಿಸೀವರ್ ಒಂದೊಂದೇ ಸ್ಪೀಕರಿನಿಂದ ಸಿಳ್ಳೆ ಹಾಕಿ, ತಾನೇ ಕೇಳಿ, ಯಾರಿಗೆಷ್ಟು ಸದ್ದು ಎಂದು ಹಂಚಿಕೊಂಡಿತು. "ಪುರಾನೇ ಕಾ ವಾಲ್ಯೂಮ್ ಮತ್ ಛೇಡನಾ," ಹಳೆಯದರ ಗುಂಡಿ ಮುಟ್ಟಬೇಡಿ ಎಂದು ಜ್ಯೋತಿಗೆ ಹೇಳಿ, ಶೇಖರಣ್ಣ ಚಹಾ ತರುವಷ್ಟರಲ್ಲಿ ಬೂಟು ಹಾಕಿಕೊಂಡಿದ್ದ. ಆದರೂ ಹೋಗುವಾಗ ಒಂದು ಮಾತು ಉಳಿಸಿಹೋದ: ಹಳೆಯದು ಕೆಲಸ ಮಾಡದಿದ್ದರೆ ಭಾನುವಾರ ಬೆಳಿಗ್ಗೆ ಬಂದು ಒಯ್ಯುತ್ತೇನೆ.

ಶನಿವಾರ ಸಂಜೆ ಜ್ಯೋತಿ ಸಿನಿಮಾ ಹಚ್ಚಿದಳು. ನಡುವಿನಿಂದ ಮಾತು ಬಂತು, ಬೆನ್ನ ಹಿಂದೆ ಗಾಳಿ ಸುಯ್ ಎಂದಿತು. ಮರದ ಪೆಟ್ಟಿಗೆಗಳು ಮಾತ್ರ ಮೂಕ. ಹಾಡಿನಲ್ಲಿ ತುಟಿ ಅಲ್ಲಾಡುತ್ತಿತ್ತು, ವಾದ್ಯ ಎಲ್ಲೋ ಪಕ್ಕದ ಬಿಲ್ಡಿಂಗಿನಲ್ಲಿ ನುಡಿದಂತೆ.

ಜ್ಯೋತಿ ತಂತಿ ಅಲ್ಲಾಡಿಸಿದಳು, ತೆಗೆದು ಹಾಕಿದಳು, ಮನೀಷನಿಗೆ ಫೋನೂ ಮಾಡಿದಳು. ಹಳೆಯ ಮಾಲು, ಅದರ ಭರವಸೆ ಇಲ್ಲ, ನಾಳೆ ಬರುತ್ತೇನೆ ಎಂದ.

"ಮಾವಾರ, ನಾ ಭಾಳ ನೋಡಿದ್ನಿರಿ," ಅವಳ ದನಿ ಸಣ್ಣದಾಯಿತು. "ಅದು ಹೋಗೇತಿ ಕಾಣತೈತಿ."

"ಅದು ಹೋಗ್ಲಿಲ್ಲ. ತಡಿ."

ಶೇಖರಣ್ಣ ಅವಸರ ಮಾಡುವವರಲ್ಲ. ಹಳೆಯದರ ಮುಂದೆ ಮಂಡಿಯೂರಿ ಕೂತು, ಆಕ್ಸ್‌ನಿಂದ ಟೇಪಿಗೆ ತಿರುಗಿಸಿದರು, ಕ್ಯಾಸೆಟ್ ಒತ್ತಿದರು, ವಾಲ್ಯೂಮ್ ಏರಿಸಿದರು. ಎಡದಿಂದ ರಾಜ ಗುಡುಗಿದ, ಬಲದಿಂದ ದೂತ ನಕ್ಕ. "ನೋಡು, ಹೇಗೆ ಕೂಗ್ತಾನೆ," ಎಂದು ಮತ್ತೆ ಆಕ್ಸ್‌ಗೆ ತಿರುಗಿಸಿದರು. ಟಿವಿಯಲ್ಲಿ ನಿಲ್ಲಿಸದೇ ಬಿಟ್ಟಿದ್ದ ಸಿನಿಮಾದ ಹಾಡು ಎರಡೂ ಪೆಟ್ಟಿಗೆಗಳಿಂದ ಧೋ ಎಂದು ಹಾಲ್‌ಗೆ ಸುರಿಯಿತು.

ಜ್ಯೋತಿ ಅವರ ಕೈಯನ್ನೇ ನೋಡುತ್ತಿದ್ದಳು. "ಮಾವಾರ, ಈಗ ಗುಂಡಿ ಏರಿಸಿದ್ರಲ್ಲ. ಅದು ಸೊನ್ನಿಗೆ ಯಾಕಿತ್ತು? ಮನೀಷ್ ಅರ್ಧಕ್ಕ ಇಟ್ಟು ಹೋಗಿದ್ದ."

ಶೇಖರಣ್ಣನೂ ತಮ್ಮ ಕೈ ನೋಡಿಕೊಂಡರು.

ಅಡಿಗೆಮನೆಯಿಂದ ಅವರ ಹೆಂಡತಿ ದಮಯಂತಿಯ ನಗು ಕೇಳಿಸಿತು. "ಅವರನ್ನ ಎಂತ ಕೇಳ್ತೀ? ನನ್ನ ಕೇಳು. ದಿನಾ ಮಲಗುವ ಮುಂಚೆ ಗ್ಯಾಸ್ ಬಂದ್, ನಲ್ಲಿ ಬಂದ್, ಗೀಜರ್ ಬಂದ್, ಆಮೇಲೆ ಆ ಗುಂಡಿ ಸೊನ್ನೆಗೆ. ಹೋಟೆಲ್ ಬಿಟ್ರೂ ಹೋಟೆಲ್ ಬಂದ್ ಮಾಡುದು ಬಿಡ್ಲಿಲ್ಲ ಇವರು. ನಾನು ಮಾತಾಡ್ತಾ ಇದ್ರೆ ನನ್ನನ್ನೂ ಬಂದ್ ಮಾಡಿಯೇ ಮಲಗುದು."

ಅದು ಸುಳ್ಳಲ್ಲ. ಹೋಟೆಲಿನಲ್ಲಿ ಕೊನೆಗೆ ಹೊರಬೀಳುವವರು ಅವರೇ. ಒಂದೊಂದು ಒಲೆಯ ತಿರುಪನ್ನೂ ಕೈಯಿಂದ ಮುಟ್ಟಿ, ಕೊನೆಯವರೆಗೂ ತಿರುಗಿಸಿಯೇ ಶಟರ್ ಎಳೆಯುತ್ತಿದ್ದರು. ತೆರೆದುಬಿಟ್ಟ ತಿರುಪು ಕಂಡರೆ ಆ ಕೈ ಸುಮ್ಮನಿರುತ್ತಿರಲಿಲ್ಲ. ಆಂಪ್ಲಿಫೈಯರ್ ತಮ್ಮೊಬ್ಬರದಾಗಿದ್ದಾಗ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಬೇಕಾದಾಗ ಬೇಕಾದಷ್ಟು ಏರಿಸಿಕೊಂಡರಾಯಿತು. ಈಗ ಹೊಸದು, ಹಳೆಯದರ ಗುಂಡಿ ಒಂದೇ ಕಡೆ ನಿಂತಿರುತ್ತದೆಂದು ನಂಬಿ ಲೆಕ್ಕ ಹಾಕಿಕೊಂಡಿತ್ತು. ಸೋಫಾದಲ್ಲಿ ಕೂತವರು ಏರಿಸುವುದು ಇಳಿಸುವುದು ಇನ್ನು ರಿಸೀವರಿನದು. ಹಳೆಯದು ಅಲುಗದೆ ನಿಲ್ಲಬೇಕು.

"ಹಾಗಾದ್ರೆ ಸತ್ತದ್ದು ಅದಲ್ಲ," ಎಂದರು ಶೇಖರಣ್ಣ. "ಕತ್ತು ಹಿಚುಕಿದ್ದು ನಾನು. ಈಗ ಎಲ್ಲಿ ಇಡುದು?"

"ಅರ್ಧದ ಆಸುಪಾಸು ಖರೇ, ಆದ್ರ ಅಂವ ಬರೋಬ್ಬರಿ ಎಲ್ಲಿಟ್ಟಿದ್ದ ಅಂತ ನಂಗೂ ನೆನಪಿಲ್ರಿ. ಮತ್ತ ಅಳತಿ ಮಾಡೋಣು."

ಮನೀಷನಿಗೆ ಬರಬೇಡವೆಂದು ಹೇಳಿ, ಭಾನುವಾರ ಜ್ಯೋತಿ ಮೈಕನ್ನು ಸೋಫಾದ ಮೇಲಿಟ್ಟಳು. ಶೇಖರಣ್ಣನೇ ಕ್ಯಾಸೆಟ್ ಹಚ್ಚಿ, ಗುಂಡಿ ತಿರುಗಿಸುತ್ತ ಹೋಗಿ, ಮದ್ದಳೆ ತುಂಬಿ ಬರುವ ಜಾಗದಲ್ಲಿ ಅದನ್ನು ನಿಲ್ಲಿಸಿ ಮತ್ತೆ ಆಕ್ಸ್‌ಗೆ ತಿರುಗಿಸಿದರು. ಅಷ್ಟರಲ್ಲಿ ಬೆಲ್ ಆಗಿ ಚೆನ್ನಯ ಒಳಗೆ ಬಂದ. ಮೈಕು ಕಂಡದ್ದೇ ಗಂಟಲು ಸರಿಮಾಡಿಕೊಂಡು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ಚೆನ್ನಯ ಕಾಕಾ, ಸುಮ್ನಿರ್ರಿ. ಉಸಿರ ಸೈತ ಜೋರಾಗಿ ಬಿಡಬ್ಯಾಡ್ರಿ," ಎಂದಳು ಜ್ಯೋತಿ.

"ಎದುರಿಗೆ ಮೈಕ್ ಇಟ್ಟು ಬಾಯಿ ಮುಚ್ಚು ಅಂದ್ರೆ ಹೇಗೆ ಮಾರಾಯ್ತಿ? ಶೇಖರಣ್ಣ, ನಿಮ್ಮ ಸೊಸೆ ನನ್ನ ವೇಷ ಕಳಚಿದ್ಲು."

"ನಿನ್ನನ್ನು ಸುಮ್ಮನಿರಿಸ್ಲಿಕ್ಕೆ ಯಾವ ಭಾಗವತರಿಂದ್ಲೂ ಆಗ್ಲಿಲ್ಲ. ಅವಳು ಮಾಡ್ತಾಳೆ, ನೋಡ್ತಿರು."

ಸಿಳ್ಳೆ ಎಡದಿಂದ ಬಂತು, ನಡುವಿನಿಂದ ಬಂತು, ಬಲದಿಂದ ಬಂತು, ಬೆನ್ನ ಹಿಂದೆ ಸುತ್ತಿ ನಿಂತಿತು. ಯಾರೂ ಕೆಮ್ಮಲಿಲ್ಲ. ಎಲ್ಲ ಮುಗಿದ ಮೇಲೆ ದಮಯಂತಿ ಹಣೆಯ ಸ್ಟಿಕರ್ ಬಿಂದಿ ತೆಗೆದು, ಗುಂಡಿಯ ಗೆರೆ ತೋರಿಸುತ್ತಿದ್ದ ಕಡೆ ಆಂಪ್ಲಿಫೈಯರಿನ ಮುಖಕ್ಕೆ ಅಂಟಿಸಿದಳು.

"ಇನ್ನು ಇದಕ್ಕೆ ಬಂದ್ ಮಾಡುದು ಅಂದ್ರೆ ಸೊನ್ನೆಗಲ್ಲ. ಇಲ್ಲಿಗೆ," ಎಂದಳು. "ಕೇಳಿತಾ?"

"ಕೇಳಿತು."

ಆ ಮಧ್ಯಾಹ್ನ ರಾಜನೂ ದೂತನೂ ತಮ್ಮತಮ್ಮ ಕಡೆ ಕೂತು ಮನಸಾರೆ ಜಗಳವಾಡಿದರು. ಸಿನಿಮಾ ನೋಡಲು ಕಾದಿದ್ದ ಜ್ಯೋತಿಯೂ ಕೊನೆಯವರೆಗೆ ಕೂತಳು. ದೂತ ಸೋತದ್ದು ಅವಳಿಗೆ ಸರಿಬರಲಿಲ್ಲ. ಅವನ ಮಾತೇ ಖರೇ ಇತ್ತು ಎಂದು ವಾದಕ್ಕಿಳಿದಾಗ, ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದ ಚೆನ್ನಯನಿಗೆ ಹಬ್ಬವಾಯಿತು.

ಮುಂದಿನ ಶನಿವಾರ ಶೇಖರಣ್ಣ ಅಡಿಗೆಮನೆಯಲ್ಲಿ ಶುಂಠಿ ಜಜ್ಜುತ್ತಿದ್ದರು. ಹಾಲ್‌ನಿಂದ ಜ್ಯೋತಿ ಕೂಗಿದಳು, "ಮಾವಾರ, ಹಚ್ಚಲೇನ್ರಿ? ಗುಂಡಿ ಒಮ್ಮೆ ನೋಡ್ತೀರಿ?"

"ಹಚ್ಚು," ಎಂದರು ಅವರು, ತಿರುಗಿಯೂ ನೋಡದೆ. ಕುದಿವ ನೀರಿಗೆ ಚಹಾಪುಡಿ ಬೀಳುವಾಗ ಎರಡೂ ಮರದ ಪೆಟ್ಟಿಗೆಗಳಿಂದ ಸಿನಿಮಾದ ಮೊದಲ ಸಂಗೀತ ಎದ್ದು ಬಂದು, ತಟ್ಟೆಸ್ಟ್ಯಾಂಡಿನ ಚಮಚಗಳು ಒಂದಿಷ್ಟು ನಡುಗಿದವು.